ಬಿರುಗಾಳಿ ಹೋದ ಮೇಲೆ ತೋಟದ ಶುಶ್ರೂಷೆ

೨೦೨೧ನೆಯ ಇಸವಿಯ ಮೇ ತಿಂಗಳ ೧೭ನೆಯ ತಾರೀಖು ಸೋಮವಾರವನ್ನು ಮುಂಬಯಿಯಲ್ಲಿದ್ದ ನಮ್ಮವರಾರೂ ಮರೆತಿರಲಾರರು. ‘ತೌಕ್ತೆ’ ಎಂಬ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ನಮ್ಮ ನಗರದ ಪಕ್ಕದಿಂದಲೇ ಹಾದು ಗುಜರಾತಿನ ಕರಾವಳಿಯ ಕಡೆಗೆ ಹೊರಟಿತ್ತು. ಕೊಲಾಬಾದಲ್ಲಿ ಗಾಳಿಯ ವೇಗವು ಗಂಟೆಗೆ ನೂರು ಕಿಲೋಮೀಟರುಗಳನ್ನು ಮೀರಿತು. ಸಾಂತಾಕ್ರೂಜಿನಲ್ಲಿ ಒಂದು ಅಹೋರಾತ್ರಿಯೊಳಗೆ ೨೩೦ ಮಿಲಿಮೀಟರಿನಷ್ಟು ಮಳೆ ಬಿತ್ತು. ತೌಕ್ತೆ ಎಂಬುದು ಬರ್ಮೀ ಭಾಷೆಯ ಹೆಸರು. ಗದ್ದಲವೆಬ್ಬಿಸುವ ಒಂದು ಜಾತಿಯ ಹಲ್ಲಿಗೆ ಆ ದೇಶದಲ್ಲಿ ಹಾಗೆನ್ನುತ್ತಾರೆ. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ ನಾವು ಈ ಹಲ್ಲಿಯ ಶಕುನವನ್ನು ಮರುದಿನ ಬೀದಿಗಿಳಿದು ನೋಡಿದೆವು. ಗುಲ್‌ಮೊಹರುಗಳು, ಮಳೆಮರಗಳು, ಬಾದಾಮಿಯ ಮರಗಳು ಮೋಟಾರುಗಳ ಮೇಲೆ, ವಿದ್ಯುತ್ತಿನ ತಂತಿಗಳ ಮೇಲೆ, ಚಾಳುಗಳ ಮಾಡಿನ ಮೇಲೆ ಮಲಗಿದ್ದವು.

ಅದಕ್ಕೆ ಎರಡು ದಿನ ಮುಂಚೆಯೇ, ಶನಿವಾರ ಮತ್ತು ಆದಿತ್ಯವಾರ, ಅದೇ ಗಾಳಿ ನಮ್ಮ ಊರಿನ ಕಡಲತಡಿಯನ್ನು ಹಾದು ಬಂದಿತ್ತು. ಕೊರೋನಾದ ಎರಡನೆಯ ಅಲೆಯ ಕಾಲವದು. ಇಲ್ಲಿನ ಹೋಟೆಲುಗಳಲ್ಲಿ ಕುಳಿತು ಉಣ್ಣುವ ವ್ಯವಹಾರ ನಿಂತುದರಿಂದ ಮಾಣಿಗಳು, ಭಟ್ಟರು, ಗಲ್ಲಾದವರು ಎಷ್ಟೋ ಮಂದಿ ಊರು ಸೇರಿದ್ದರು. ನನ್ನ ಅಕ್ಕನ ಮಗನೂ ಅವರಲ್ಲೊಬ್ಬ. ಕುಂದಾಪುರದ ಕಡೆ, ಸಮುದ್ರಕ್ಕೆ ಕೂಗಳತೆಯಲ್ಲಿ ಅವರ ಮನೆ. ಭಾವನವರು ತೀರಿಕೊಂಡ ಮೇಲೆ ಅಕ್ಕನಿಗೆ ಆಧಾರವೆಂದರೆ ಮಗ ಕಳುಹಿಸುವ ಹಣ ಮತ್ತು ಮನೆಯ ಸುತ್ತಲಿನ ಇಪ್ಪತ್ತು ಮೂವತ್ತು ತೆಂಗಿನ ಮರ, ಒಂದಿಷ್ಟು ಅಡಕೆ, ಬಾಳೆ, ಒಂದು ಹಲಸು, ಎರಡು ಮಾವು. ಮಗನ ಹಣ ಬರುವುದು ಆ ತಿಂಗಳು ನಿಂತಿತ್ತು. ಆದಿತ್ಯವಾರ ಸಂಜೆ ಅವನ ಫೋನು ಬಂತು. “ಮಾವಾ, ತೋಟವೆಲ್ಲ ಮಲಗಿಬಿಟ್ಟಿದೆ. ಅಮ್ಮ ಬೆಳಗಿನಿಂದ ಜಗಲಿ ಬಿಟ್ಟು ಇಳಿದಿಲ್ಲ. ಮರದ ವ್ಯಾಪಾರಿಯೊಬ್ಬ ಬಂದು ಕೂತಿದ್ದಾನೆ. ಬಿದ್ದದ್ದು, ವಾಲಿದ್ದು ಎಲ್ಲವನ್ನೂ ಕಡಿದು ಸ್ವಚ್ಛ ಮಾಡಿಕೊಡುತ್ತೇನೆ, ಕೂಲಿ ಬೇಡ, ಮರ ನನಗಿರಲಿ ಎನ್ನುತ್ತಾನೆ. ಏನು ಹೇಳಲಿ?”

ಮುಂಬಯಿಯ ಕೋಣೆಯಲ್ಲಿ ಕುಳಿತು ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಪ್ರಸಂಗ ನನಗೊಬ್ಬನಿಗೇ ಬಂದುದಲ್ಲ. ಅದಕ್ಕೆ ಹಿಂದಿನ ವರ್ಷ, ೨೦೨೦ರ ಜೂನ್ ೩ರಂದು ‘ನಿಸರ್ಗ’ ಚಂಡಮಾರುತವು ಅಲಿಬಾಗದ ದಕ್ಷಿಣಕ್ಕೆ ನೆಲ ಹತ್ತಿ ಮುರುಡ, ಶ್ರೀವರ್ಧನ, ದಿವೇಆಗರಗಳ ತೆಂಗು ಅಡಕೆಯ ವಾಡಿಗಳನ್ನು ನೆಲಸಮ ಮಾಡಿದಾಗ ಇಲ್ಲಿ ದುಡಿಯುವ ಕೊಂಕಣದ ಗಿರಣಿ ಕೂಲಿಕಾರರ ಮಕ್ಕಳೂ ಇದೇ ಪ್ರಶ್ನೆಯನ್ನು ಕೇಳಿದ್ದರು. ಮದರಾಸಿನ ನಮ್ಮ ಬಂಧುಗಳು ೨೦೧೬ರ ಡಿಸೆಂಬರ್ ೧೨ರಂದು ‘ವರ್ದಾ’ ಗಾಳಿಯಲ್ಲಿ ಮರಗಳಿಲ್ಲದ ಬೀದಿಗಳನ್ನು ಕಂಡರು. ೨೦೧೮ರ ನವೆಂಬರಿನಲ್ಲಿ ‘ಗಜ’ ತಂಜಾವೂರು, ಪುದುಕೋಟೆ, ನಾಗಪಟ್ಟಣಗಳ ತೆಂಗಿನ ರೈತನ ಬೆನ್ನು ಮುರಿಯಿತು. ಇನ್ನು ಮುಂದೆ ಅರಬ್ಬೀ ಸಮುದ್ರದ ಗಾಳಿ ನಮಗೆ ಹೊಸತಲ್ಲವೆಂದು ತಿಳಿದು ನಡೆಯುವುದೇ ಲೇಸು. ಆದುದರಿಂದ ಅಂದು ನಾವು ಮಾಡಿದ್ದು, ತಪ್ಪಿದ್ದು, ಅನಂತರ ಬಲ್ಲವರಿಂದ ಕೇಳಿ ತಿಳಿದದ್ದು ಇವನ್ನು ಇಲ್ಲಿ ಬರೆದಿಡುತ್ತೇನೆ.

ಅಳಿಯನಿಗೆ ನಾನು ಹೇಳಿದ ಮೊದಲ ಮಾತು ಸರಿಯಾಗಿಯೇ ಇತ್ತು. “ವ್ಯಾಪಾರಿಗೆ ಎಂಟು ದಿನ ಕಳೆದು ಬರಲು ಹೇಳು” ಎಂದೆ. ಬಿರುಗಾಳಿಯ ಮರುದಿನ ಮನುಷ್ಯನಿಗೆ ಕಾಣುವುದು ನಷ್ಟ ಮಾತ್ರ. ಬದುಕಿರುವುದು ಕಣ್ಣಿಗೆ ಬೀಳುವುದಿಲ್ಲ. ಎಲೆಯೆಲ್ಲ ಉದುರಿ ಬರಲಾಗಿ ನಿಂತ ಮರವನ್ನು ಸತ್ತ ಮರವೆಂದು ಬಗೆದು ಕಡಿಸಿದವರೆಷ್ಟೋ ಮಂದಿ. ಎಲೆ ಹೋದರೂ ಕಾಂಡದಲ್ಲಿಯೂ ಬೇರಿನಲ್ಲಿಯೂ ಮರವು ಕೂಡಿಟ್ಟ ಪಿಷ್ಟವಿರುತ್ತದೆ. ಆ ಗಂಟನ್ನು ಬಿಚ್ಚಿ ಮರವು ಹೊಸ ಚಿಗುರನ್ನು ತರುತ್ತದೆ. ಸಣ್ಣ ಕೊಂಬೆಯ ತೊಗಟೆಯನ್ನು ಹೆಬ್ಬೆರಳಿನ ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸುರು, ಪಸೆ ಕಂಡರೆ ಜೀವವಿದೆ. ಕಂದು ಬಣ್ಣವಿದ್ದು ಒಣಗಿದ್ದರೆ ಇನ್ನೂ ಕೆಳಗೆ, ದಪ್ಪ ಕೊಂಬೆಯಲ್ಲಿ ಕೆರೆದು ನೋಡಿ. ಮಾವು, ಹಲಸು, ಪೇರಲೆ, ಚಿಕ್ಕುಗಳಿಗೆ ಒಂದು ಋತುವಿನ ಅವಕಾಶವನ್ನಾದರೂ ಕೊಡದೆ ಕೊಡಲಿ ಎತ್ತಬಾರದು.

ಆದರೆ ಕಾಯುವುದೆಂದರೆ ಕೈಕಟ್ಟಿ ಕೂಡ್ರುವುದಲ್ಲ. ತೋಟಕ್ಕಿಳಿಯುವ ಮೊದಲು ತಲೆಯೆತ್ತಿ ನೋಡಬೇಕು. ಹರಿದ ವಿದ್ಯುತ್ತಿನ ತಂತಿ ಯಾವ ಕೊಂಬೆಯ ಮೇಲೆ ಬಿದ್ದಿದೆಯೋ, ಮುರಿದ ಕೊಂಬೆ ಎಲ್ಲಿ ನೇತಾಡುತ್ತಿದೆಯೋ, ಅದರ ಕೆಳಗೆ ಯಾರೂ ಹೋಗಕೂಡದು. ವಾಲಿದ ಮರದ ಬುಡದಲ್ಲಿ ನೆಲ ಬಿರಿದಿದ್ದರೆ ಮಳೆ ಬಂದಾಗ ಅದು ಪೂರ್ತಿಯಾಗಿ ಬೀಳಬಹುದು. ಗಾಳಿಯಲ್ಲಿ ಪಾರಾದವರು ಮರುದಿನ ಮರ ಕಡಿಯುವಾಗ ಪೆಟ್ಟು ತಿನ್ನುವುದು ಅಪೂರ್ವವೇನೂ ಅಲ್ಲ.

ಎರಡನೆಯದು, ಗುಮಾಸ್ತೆಯಾಗಿ ಮೂವತ್ತು ವರ್ಷ ಕಾಗದ ತಿರುವಿದ ನನ್ನ ಬುದ್ಧಿಗೆ ಹೊಳೆದದ್ದು: ಒಂದು ಕಡ್ಡಿಯನ್ನು ಎತ್ತುವ ಮೊದಲು ಬಿದ್ದ ಮರಗಳದೆಲ್ಲ ಫೋಟೋ ತೆಗೆಯಬೇಕು, ಎಷ್ಟು ಮರ, ಯಾವ ಜಾತಿ ಎಂದು ಪಟ್ಟಿ ಬರೆಯಬೇಕು, ಪಹಣಿಯ ನಕಲನ್ನು ಹಿಡಿದು ಗ್ರಾಮದ ಅಧಿಕಾರಿಗೆ ತಿಳಿಸಿ ಸ್ಥಳ ಪರಿಶೀಲನೆ ಮಾಡಿಸಬೇಕು. ಸರಕಾರದ ಪರಿಹಾರ ದೊಡ್ಡದೇನೂ ಅಲ್ಲ. ಆದರೆ ತೋಟವನ್ನು ಚೊಕ್ಕಟ ಮಾಡಿದ ಮೇಲೆ ಅದೂ ಇಲ್ಲ. ವ್ಯಾಪಾರಿಯನ್ನು ತಡೆದುದಕ್ಕೆ ಇದೂ ಒಂದು ಕಾರಣ.

ಇನ್ನು ತಪ್ಪಿದ ಕತೆ. ಮನೆಯ ಹಿಂದೆ ಮೂವತ್ತು ವರ್ಷದ ಹಲಸಿನ ಮರವೊಂದು ಬೇರು ಸಹಿತ ಮಗುಚಿಕೊಂಡಿತ್ತು. ಭಾವನವರು ಕೈಯಾರೆ ನೆಟ್ಟ ಮರ. ಅಕ್ಕ ಅದನ್ನು ನೋಡಿ ಅಳುತ್ತಿದ್ದಳು. ನಾನು ಇಲ್ಲಿಂದಲೇ, “ಜೆಸಿಬಿ ತರಿಸಿ ಎತ್ತಿ ನಿಲ್ಲಿಸು, ಬುಡಕ್ಕೆ ಎರಡು ಗಾಡಿ ಹಟ್ಟಿಗೊಬ್ಬರ ಹಾಕು” ಎಂದು ಅಪ್ಪಣೆ ಕೊಟ್ಟೆ. ಎಂಟು ಸಾವಿರ ರೂಪಾಯಿ ಖರ್ಚಾಯಿತು. ಮರ ನಿಂತಿತು. ಒಂದು ತಿಂಗಳು ಎಲೆಯೂ ಇತ್ತು. ದೀಪಾವಳಿಯ ಹೊತ್ತಿಗೆ ಒಣಗಿತು. ಅಷ್ಟು ದೊಡ್ಡ ಮರದ ಬೇರುಗಳೆಲ್ಲ ಹರಿದ ಮೇಲೆ ಯಂತ್ರದಿಂದ ಎತ್ತುವಾಗ ಉಳಿದ ಬೇರುಗಳೂ ತುಂಡಾದವು. ಯಂತ್ರದ ಚಕ್ರಗಳು ಒದ್ದೆ ನೆಲವನ್ನು ಗಾರೆಯಂತೆ ಗಟ್ಟಿ ಮಾಡಿದವು. ಗಾಯಗೊಂಡ ಬೇರುಗಳ ಮೇಲೆ ಹಸಿ ಗೊಬ್ಬರದ ಕಾವು ಬೇರೆ. ಮರವನ್ನು ಗಾಳಿ ಕೆಡವಿತು, ಕೊಂದವನು ನಾನೆಂದು ಈಗಲೂ ಅನ್ನಿಸುತ್ತದೆ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಎಂಟು ಸಾವಿರವನ್ನು ಹಾಳು ಮಾಡಿಸಿದ ಪಾಪ ಬೇರೆ.

ಎತ್ತಿ ನಿಲ್ಲಿಸುವ ಉಪಾಯ ಎಳೆಯ ಮರಕ್ಕೆ ಸಲ್ಲುತ್ತದೆ. ಕಾಂಡವು ತೋಳಿನ ದಪ್ಪಕ್ಕೆ ಮೀರದ, ಅರ್ಧಕ್ಕಿಂತ ಹೆಚ್ಚು ಬೇರು ಮಣ್ಣಿನಲ್ಲೇ ಉಳಿದಿರುವ ಗಿಡವನ್ನು ಎರಡು ಮೂರು ದಿನಗಳೊಳಗೆ ನಿಲ್ಲಿಸಬೇಕು. ಅಲ್ಲಿಯವರೆಗೆ ಬಯಲಾದ ಬೇರುಗಳಿಗೆ ಒದ್ದೆ ಗೋಣಿಚೀಲವನ್ನು ಹೊದಿಸಿಡಬೇಕು. ಬೇರು ಬಿಸಿಲಿಗೆ ಒಣಗಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಹರಿದು ಜೂಲಾದ ಬೇರಿನ ತುದಿಗಳನ್ನು ಹರಿತವಾದ ಕತ್ತಿಯಿಂದ ನೇರವಾಗಿ ಕತ್ತರಿಸಬೇಕು. ಎದ್ದ ಬೇರಿನ ಗಡ್ಡೆಯ ಕೆಳಗಿನ ಸಡಿಲ ಮಣ್ಣನ್ನು ತೋಡಿ ತೆಗೆದ ಮೇಲೆಯೇ ಗಿಡವನ್ನು ಎತ್ತಬೇಕು. ಇಲ್ಲವಾದರೆ ಗಿಡವು ಮೊದಲಿಗಿಂತ ಎತ್ತರದಲ್ಲಿ ಕುಳಿತು ಬೇರು ಮೇಲೇ ಉಳಿಯುತ್ತದೆ. ಮೊದಲಿದ್ದ ಮಟ್ಟಕ್ಕೇ ಕೂಡ್ರಿಸಿ, ತೆಗೆದ ಮಣ್ಣನ್ನೇ ತುಂಬಿ, ಕಾಲಿನಿಂದ ಹದವಾಗಿ ಒತ್ತಿ, ನೀರು ಹನಿಸಿದರೆ ಒಳಗಿನ ಪೊಳ್ಳುಗಳು ಮುಚ್ಚಿಹೋಗುತ್ತವೆ. ಗೊಬ್ಬರ ಬೇಡ. ರೋಗಿ ಎದ್ದು ಕುಳಿತ ದಿನವೇ ಅವನಿಗೆ ಯಾರೂ ಹೋಳಿಗೆಯೂಟ ಬಡಿಸುವುದಿಲ್ಲವಷ್ಟೆ.

ಅನಂತರ ಮೂರು ದಿಕ್ಕಿಗೆ ಮೂರು ಗೂಟ ಹೊಡೆದು ಹುರಿಹಗ್ಗದಿಂದ ಬಿಗಿಯಬೇಕು. ಹಗ್ಗ ತಾಗುವಲ್ಲಿ ಗೋಣಿಯ ತುಂಡನ್ನೋ ಹಳೆಯ ಸೈಕಲ್ ಟ್ಯೂಬನ್ನೋ ಸುತ್ತಬೇಕು. ತಂತಿಯನ್ನು ನೇರವಾಗಿ ಕಟ್ಟಿದರೆ ಅದು ತೊಗಟೆಯನ್ನು ಕೊಯ್ಯುತ್ತದೆ. ಕಾಂಡವು ಗಾಳಿಗೆ ತುಸು ತೂಗುವಷ್ಟು ಸಡಿಲವಿರಲಿ. ಅಲುಗದಂತೆ ಬಿಗಿದ ಗಿಡವು ಬಲಿಯುವುದಿಲ್ಲ. ಕಟ್ಟು ಬಿಚ್ಚಿದ ದಿನ ಮತ್ತೆ ಬೀಳುತ್ತದೆ.

ಮುರಿದ ಕೊಂಬೆಗಳ ವಿಷಯದಲ್ಲಿ ನಮ್ಮ ಜನ ಮಾಡುವ ಅನ್ಯಾಯವನ್ನು ನೋಡಿದರೆ ಗಾಳಿಯೇ ವಾಸಿ ಎನಿಸುವುದುಂಟು. ಒಂದೋ ಮೊಳದುದ್ದದ ಮೋಟನ್ನು ಬಿಟ್ಟು ಕಡಿಯುತ್ತಾರೆ, ಇಲ್ಲವೇ ಕಾಂಡದ ಮಟ್ಟಕ್ಕೆ ನುಣ್ಣಗೆ ಹೆರೆದುಬಿಡುತ್ತಾರೆ. ಎರಡೂ ತಪ್ಪು. ಕೊಂಬೆಯು ಕಾಂಡವನ್ನು ಕೂಡುವಲ್ಲಿ ಬಳೆಯಂತೆ ಉಬ್ಬಿದ ಭಾಗವೊಂದಿರುತ್ತದೆ. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಅಲ್ಲಿಯೇ. ಆ ಬಳೆಯನ್ನು ಉಳಿಸಿ ಅದರ ಹೊರಗಡೆ ಕತ್ತರಿಸಬೇಕು. ಭಾರದ ಕೊಂಬೆಯಾದರೆ ಮೂರು ಸಲ ಗರಗಸ ಹಾಕಬೇಕು: ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಅಡಿಯಿಂದ ಮೂರನೆಯ ಒಂದಂಶದಷ್ಟು, ಬಳಿಕ ಅದಕ್ಕಿಂತ ತುಸು ಆಚೆ ಮೇಲಿನಿಂದ, ಆಗ ಕೊಂಬೆಯು ತೊಗಟೆಯನ್ನು ಸುಲಿಯದೆ ಕಳಚಿ ಬೀಳುತ್ತದೆ, ಕೊನೆಗೆ ಉಳಿದ ಮೋಟನ್ನು ಬಳೆಯ ಪಕ್ಕದಲ್ಲಿ. ಗಾಳಿಗೆ ಅಂಜಿ ಮರದ ತಲೆಯನ್ನೇ ಬೋಳಿಸುವ ಪದ್ಧತಿಯಂತೂ ಸರ್ವಥಾ ಕೂಡದು. ಬೋಳಿಸಿದ ತುದಿಗಳಲ್ಲಿ ಹುಟ್ಟುವ ಚಿಗುರು ಸಡಿಲವಾಗಿ ಅಂಟಿಕೊಂಡಿರುತ್ತದೆ. ಮುಂದಿನ ಗಾಳಿಗೆ ಮೊದಲು ಕಳಚುವುದು ಅದೇ.

ಗಾಯಕ್ಕೆ ಡಾಮರು, ಬಣ್ಣ, ಸೆಗಣಿ ಬಳಿಯುವ ಪದ್ಧತಿಯನ್ನು ಕುರಿತು ಒಂದು ಮಾತು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಆಲೆಕ್ಸ್ ಶಿಗೊ ಎಂಬ ವಿಜ್ಞಾನಿ ಸಹಸ್ರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಒಂದು ಸಂಗತಿಯನ್ನು ಸ್ಥಾಪಿಸಿದರು. ಮನುಷ್ಯನ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೊಳೆತ ಭಾಗದ ಸುತ್ತ ಒಳಗಿನಿಂದ ಗೋಡೆ ಕಟ್ಟಿ ಅದನ್ನು ಬೇರ್ಪಡಿಸಿ, ಹೊರಗೆ ಹೊಸ ಮರವನ್ನು ಬೆಳೆಸುತ್ತದೆ. ಮೇಲೆ ಬಳಿದ ಬಣ್ಣವು ಕೊಳೆಯನ್ನು ತಡೆಯುವುದಿಲ್ಲ; ಕೆಲವೊಮ್ಮೆ ಪಸೆಯನ್ನು ಹಿಡಿದಿಟ್ಟು ಕೊಳೆಗೆ ಸಹಾಯವನ್ನೇ ಮಾಡುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಗಾಳಿಯ ಬೆನ್ನಿಗೇ ನಾಲ್ಕು ತಿಂಗಳ ಮಳೆ ಬರುವುದರಿಂದ, ಹಣ್ಣಿನ ಮರ ಮತ್ತು ತಾಳೆಯ ಜಾತಿಯ ಮರಗಳಿಗೆ ಬೋರ್ಡೋ ಮುಲಾಮನ್ನು ಹಚ್ಚುವುದನ್ನು ಕೃಷಿ ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಅದು ಬಣ್ಣವಲ್ಲ, ಬೂಷ್ಟನ್ನು ಕೊಲ್ಲುವ ಔಷಧ. ನೂರು ಗ್ರಾಮು ಮೈಲುತುತ್ತ, ನೂರು ಗ್ರಾಮು ಸುಣ್ಣ, ಒಂದು ಲೀಟರು ನೀರು; ಪ್ಲಾಸ್ಟಿಕಿನ ಇಲ್ಲವೆ ಮಣ್ಣಿನ ಪಾತ್ರೆಯಲ್ಲಿಯೇ ಕಲಸಬೇಕು, ಲೋಹದ ಪಾತ್ರೆ ಸಲ್ಲದು.

ಇನ್ನು ತೆಂಗು. ನಮ್ಮ ಜೀವವಿರುವುದು ಅಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ತೆಂಗಿಗೆ ಬೆಳೆಯುವ ಮೊಳಕೆ ಒಂದೇ. ಅದು ನೆತ್ತಿಯ ಸುಳಿ. ನಡು ಮುರಿದ ತೆಂಗು, ಸುಳಿ ತಿರುಚಿಹೋದ ತೆಂಗು ಮತ್ತೆ ಬಾರದು. ಅದರ ಆಶೆಯನ್ನು ಬಿಡಬೇಕು. ಆದರೆ ಸುಳಿಯು ಸ್ವಸ್ಥವಿದ್ದರೆ ಮಡಲೆಲ್ಲ ಹರಿದು ಜೋತುಬಿದ್ದರೂ ಮರ ಬದುಕುತ್ತದೆ. ಅಕ್ಕನ ತೋಟದಲ್ಲಿ ಮೂರು ಮರ ನಡುವಿಗೆ ಮುರಿದಿದ್ದವು, ಎರಡು ಬುಡ ಕಿತ್ತಿದ್ದವು. ನಾಲ್ಕು ಮರಗಳು ಪೂರ್ವಕ್ಕೆ ವಾಲಿ ನಿಂತಿದ್ದವು. ವ್ಯಾಪಾರಿಯು ಒಂಬತ್ತನ್ನೂ ಲೆಕ್ಕಕ್ಕೆ ಹಿಡಿದಿದ್ದ. ಈ ನಾಲ್ಕನ್ನು ಉಳಿಸಿದ್ದೇ ನಮ್ಮ ಗೆಲುವು.

ವಾಲಿದ ದೊಡ್ಡ ತೆಂಗನ್ನು ನೆಟ್ಟಗೆ ಮಾಡುವ ಗೋಜಿಗೆ ಹೋಗಬಾರದು. ಬುಡ ಎದ್ದ ಕಡೆ ಬಯಲಾದ ಬೇರಿನ ಮೇಲೆ ಮಣ್ಣು ಪೇರಿಸಿ ಒತ್ತಿದರೆ ಸಾಕು. ತೆಂಗಿನ ಬುಡದಿಂದ ಹೊಸ ಬೇರುಗಳು ಆಯುಷ್ಯವಿಡೀ ಹುಟ್ಟುತ್ತಲೇ ಇರುತ್ತವೆ. ಮಣ್ಣು ಸಿಕ್ಕಿತೆಂದರೆ ಇಳಿಯುತ್ತವೆ. ತಲೆಯು ತಾನಾಗಿಯೇ ಬೆಳಕಿನ ಕಡೆಗೆ ಬಾಗಿ ಮೇಲೇರುತ್ತದೆ. ಕಡಲತೀರದಲ್ಲಿ ಬಿಲ್ಲಿನಂತೆ ಬಾಗಿದ ತೆಂಗುಗಳನ್ನು ನಾವೆಲ್ಲ ನೋಡಿಲ್ಲವೆ? ನಾಲ್ಕೈದು ವರ್ಷದ ಎಳೆ ತೆಂಗನ್ನಾದರೆ ಎತ್ತಿ ಬಡಿಗೆಯ ಊರುಗೋಲು ಕೊಡಬಹುದು. ಆದರೆ ಊರುಗೋಲನ್ನು ಮರಕ್ಕೆ ಮೊಳೆ ಹೊಡೆದು ಕೂಡ್ರಿಸಬಾರದು. ಮಾವು ಹಲಸುಗಳಂತೆ ತೆಂಗು ತೊಗಟೆಯ ಕೆಳಗೆ ಹೊಸ ಮರವನ್ನು ಬೆಳೆಸಲಾರದು. ಅದರ ಕಾಂಡದ ಗಾಯ ಎಂದಿಗೂ ಮುಚ್ಚುವುದಿಲ್ಲ.

ಮಡಲು ಮುರಿದು ಜೋತಿದ್ದರೂ ಹಸುರಾಗಿದ್ದರೆ ಕಡಿಯಬಾರದು. ಮರ ಉಣ್ಣುವುದು ಆ ಹಸುರಿನಿಂದಲೇ. ಸುಳಿಯ ಸುತ್ತ ಸಿಕ್ಕಿಕೊಂಡ ಕಸಕಡ್ಡಿಗಳನ್ನು ತೆಗೆಸಿ, ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು, ಎಂದರೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣವನ್ನು ಕೂಡಿಸಿದ್ದನ್ನು, ಸುಳಿಯ ಸುತ್ತ ಸಿಂಪಡಿಸಿದರೆ ಮಳೆಗಾಲದ ಸುಳಿಕೊಳೆ ರೋಗದಿಂದ ರಕ್ಷಣೆಯುಂಟು. ಪೆಟ್ಟು ತಿಂದ ಮರಕ್ಕೆ ಆ ರೋಗ ಬೇಗ ತಗಲುತ್ತದೆ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹೊಳಪಿನ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡುವುದು. ಚೂರಿಗೆ ಕೆಂಪು ಬಂದರೆ ಸುಣ್ಣ ಸಾಲದು ಎಂದರ್ಥ.

ನಮ್ಮಲ್ಲಿ ಹಲವರು ಉಪೇಕ್ಷಿಸುವುದು ಬಿದ್ದ ಮರದ ವಿಲೇವಾರಿಯನ್ನು. ಕೊಳೆಯುವ ತೆಂಗಿನ ದಿಮ್ಮಿಯಲ್ಲಿ ಕುರುವಾಯಿ ಹುಳು ಮೊಟ್ಟೆಯಿಡುತ್ತದೆ. ಅದರ ದುಂಬಿ ಹಾರಿ ನೆರೆಯ ಮರದ ಸುಳಿಯನ್ನು ಕೊರೆಯುತ್ತದೆ. ಕೆಂಪುಮೂತಿ ಹುಳುವಂತೂ ಹಸಿ ಗಾಯದ ವಾಸನೆಯನ್ನು ಹಿಡಿದೇ ಬರುತ್ತದೆ. ಗಾಳಿಗೆ ಐದು ಮರ ಹೋದ ತೋಟದಲ್ಲಿ ಅನಂತರ ಹುಳುವಿಗೆ ಇನ್ನೈದು ಹೋಗುವುದು ಈ ಅಲಕ್ಷ್ಯದಿಂದಲೇ. ಆದುದರಿಂದ ಸತ್ತ ದಿಮ್ಮಿಗಳನ್ನು ಕೆಲವು ವಾರಗಳೊಳಗೆ ಕೊಯ್ದು ಪಕ್ಕಾಸು, ಸೌದೆ ಮಾಡಿ ಸಾಗಿಸಬೇಕು. ಎಂಟು ದಿನ ಕಳೆದು ಬಂದ ಅದೇ ವ್ಯಾಪಾರಿಗೆ ನನ್ನ ಅಳಿಯ ಈ ಐದನ್ನು ಕೊಟ್ಟ. ಕೂಲಿಯ ಮಾತಿರಲಿಲ್ಲ, ಮೇಲಿಂದ ಹಣವನ್ನೂ ಇಸಿದುಕೊಂಡ. ಮುಂಬಯಿಯ ಗಲ್ಲಾದ ಮೇಲೆ ಕೂತವನಿಗೆ ಅಷ್ಟಾದರೂ ಬರಬೇಡವೆ?

ಉಳಿದ ತೆಂಗಿನಿಂದಲೂ ಮೊದಲಿನ ಫಸಲನ್ನು ಕೂಡಲೇ ಬಯಸಲಾಗದು. ಹೊಂಬಾಳೆಯು ಹೊರಗೆ ಒಡೆಯುವುದಕ್ಕೆ ಎರಡು ವರ್ಷಗಳಿಗೂ ಹಿಂದೆಯೇ ಅದರ ಅಂಕುರ ಸುಳಿಯೊಳಗೆ ಮೂಡಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಈ ಗಾಳಿಯ ಪೆಟ್ಟು ಮೂರನೆಯ ವರ್ಷದ ಕಾಯಿಯಲ್ಲಿಯೂ ತೋರುತ್ತದೆ. ಇದನ್ನು ತಿಳಿಯದೆ, ‘ಮರ ಬರಡಾಯಿತು’ ಎಂದು ಎರಡನೆಯ ವರ್ಷ ಕಡಿಸಿದವರನ್ನು ನಾನು ಬಲ್ಲೆ. ತೆಂಗಿನ ಮನೆತನದ ಇಂಥ ವಿಷಯಗಳನ್ನು ಕಾಸರಗೋಡಿನಲ್ಲಿ ೧೯೧೬ರಿಂದಲೂ ಶೋಧಿಸುತ್ತ ಬಂದಿದ್ದಾರೆ. ಇಂದು ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾಲಯ. ನಮ್ಮ ಬಾಗಿಲಲ್ಲೇ ಇರುವ ಅದನ್ನು ಕೇಳುವವರು ಕಡಮೆ.

ಅಡಕೆಗೆ ಬಿರುಗಾಳಿಗಿಂತ ಅನಂತರದ ಬಿಸಿಲು ಕೇಡು. ನೆರಳು ಕೊಡುತ್ತಿದ್ದ ಮರಗಳು ಬಿದ್ದು ಬಯಲಾದಾಗ ನೈಋತ್ಯದ ಇಳಿಬಿಸಿಲು ಕಾಂಡವನ್ನು ಸುಡುತ್ತದೆ. ಸುಟ್ಟಲ್ಲಿ ಬಿರಿದು, ಮುಂದಿನ ಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಮಳೆಗಾಲ ಮುಗಿದೊಡನೆ ಆ ಕಡೆಗೆ ಸೋಗೆಯನ್ನೋ ಹಾಳೆಯನ್ನೋ ಕಟ್ಟುವುದು ಹಿರಿಯರು ಬಲ್ಲ ಉಪಾಯ. ಬಾಳೆಯ ಚಿಂತೆ ಬೇಡ; ಮುರಿದದ್ದನ್ನು ಬುಡಕ್ಕೆ ಕಡಿದರೆ ಕಂದು ಬರುತ್ತದೆ. ಮಲ್ಲಿಗೆಯ ಗಿಡಕ್ಕೂ ಮುರಿದ ಕೊಂಬೆಗಳನ್ನು ಸವರಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಅದೇ ಚಿಗುರಿಕೊಳ್ಳುತ್ತದೆ.

ಸಮುದ್ರಕ್ಕೆ ಹತ್ತಿರದ ತೋಟಗಳಲ್ಲಿ ಗಾಳಿಯು ಉಪ್ಪುನೀರಿನ ತುಂತುರನ್ನು ಹೊತ್ತು ತರುತ್ತದೆ. ಎರಡು ಮೂರು ದಿನಗಳಲ್ಲಿ ಎಲೆಗಳು ಬೆಂಕಿ ತಾಗಿದಂತೆ ಕಂದಾಗುವುದು ಇದರಿಂದ. ಮಳೆ ಸುರಿದರೆ ಅದೇ ತೊಳೆಯುತ್ತದೆ. ಸುರಿಯದಿದ್ದರೆ ಬಾವಿಯ ಸಿಹಿನೀರನ್ನು ಎಲೆಗಳ ಮೇಲೆ ಚಿಮುಕಿಸಿ, ಬುಡಕ್ಕೂ ಧಾರಾಳವಾಗಿ ಹಾಯಿಸಿ ಉಪ್ಪನ್ನು ಕೆಳಕ್ಕಿಳಿಸಬೇಕು. ನೆರೆ ನಿಂತ ತೋಟದ ಮಾತು ಬೇರೆ. ಅಲ್ಲಿ ಬೇರಿಗೆ ಉಸಿರಾಟವಿಲ್ಲ. ಎಲೆ ಬಾಡಿದ್ದನ್ನು ನೋಡಿ ಇನ್ನಷ್ಟು ನೀರು ಹೊಯ್ಯುವುದು ಮುಳುಗಿದವನಿಗೆ ನೀರು ಕುಡಿಸಿದಂತೆ. ಕಣಿ ಕಡಿದು ನೀರನ್ನು ಹೊರಡಿಸಬೇಕು. ಮಣ್ಣು ಆರುವ ತನಕ ಅಲ್ಲಿ ತುಳಿದಾಡಬಾರದು.

ನೆಲ ತುಳಿಯುವುದರಿಂದ ಮರಕ್ಕೇನು ಕೇಡೆಂದು ಕೇಳುವವರಿಗೆ ಲಂಡನ್ನಿನ ಕ್ಯೂ ಉದ್ಯಾನದ ಒಂದು ಸಂಗತಿಯನ್ನು ಹೇಳಬೇಕು. ೧೯೮೭ರ ಅಕ್ಟೋಬರ್ ೧೬ರ ಬೆಳಗಿನ ಜಾವದ ಬಿರುಗಾಳಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಕೋಟಿ ಮರಗಳು ಬಿದ್ದವು. ಕ್ಯೂ ಉದ್ಯಾನವೊಂದರಲ್ಲಿಯೇ ಏಳುನೂರು. ಅಲ್ಲಿ ‘ಟರ್ನರನ ಓಕ್’ ಎಂಬ ಹಳೆಯ ಮರವನ್ನು ಗಾಳಿಯು ಬೇರು ಸಹಿತ ನೆಲದಿಂದ ಎತ್ತಿ ಮತ್ತೆ ಅಲ್ಲಿಯೇ ಕೂಡ್ರಿಸಿತು. ಅದು ಬಾಳದೆಂದು ಊರೆ ಕೊಟ್ಟು ಬಿಟ್ಟರು; ಕಡಿಯುವ ಸರದಿ ಬಂದುದು ಮೂರು ವರ್ಷದ ಮೇಲೆ. ನೋಡುತ್ತಾರೆ, ಗಾಳಿಗೆ ಮೊದಲು ಸೊರಗುತ್ತಿದ್ದ ಮರ ಈಗ ಹಸುರೇರಿ ನಿಂತಿದೆ! ವರ್ಷಗಟ್ಟಲೆ ಜನರ ಕಾಲ್ತುಳಿತದಿಂದ ಕಲ್ಲಾಗಿದ್ದ ನೆಲವನ್ನು ಗಾಳಿಯು ಒಮ್ಮೆ ಅಲುಗಿಸಿ ಬೇರಿಗೆ ಗಾಳಿಯಾಡಿಸಿತ್ತು. ಅಂದಿನಿಂದ ಅಲ್ಲಿ ಹಳೆಯ ಮರಗಳ ಬುಡದ ಮಣ್ಣನ್ನು ಸಡಿಲಿಸುವುದೇ ಒಂದು ಚಿಕಿತ್ಸೆಯಾಯಿತು.

ನಮ್ಮ ಮುಂಬಯಿಯ ಬೀದಿಯ ಮರವನ್ನು ನೋಡಿ. ಕಾಂಡದ ಕುತ್ತಿಗೆಗೆ ತಾಗುವ ಹಾಗೆ ಕಾಂಕ್ರೀಟು, ಒಂದು ಪಕ್ಕ ಕೇಬಲಿಗಾಗಿ, ಇನ್ನೊಂದು ಪಕ್ಕ ಚರಂಡಿಗಾಗಿ ಕಡಿದ ಬೇರು. ಅದು ಬಿದ್ದರೆ ಬಿರುಗಾಳಿಯನ್ನು ಬೈಯುತ್ತೇವೆ. ನಾನಿರುವ ಚಾಳಿನ ಅಂಗಳದ ಬಾದಾಮಿಯ ಮರದ ಒಂದು ಭಾರೀ ಕೊಂಬೆ ಆ ಸೋಮವಾರ ಸೀಳಿ ಬಿತ್ತು. ಮರವನ್ನೇ ಕಡಿಸೋಣವೆಂದು ಸಭೆ ಸೇರಿತು. ರಾತ್ರಿ ಹೋಟೆಲಿನಿಂದ ಬಂದ ಹುಡುಗರು ಬೇಸಗೆಯಲ್ಲಿ ಚಾಪೆ ಹಾಸುವುದು ಆ ಮರದಡಿಯಲ್ಲಿ. ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ. ಮಹಾರಾಷ್ಟ್ರದಲ್ಲಿ ೧೯೭೫ರ ಕಾಯಿದೆಯಂತೆ ನಗರದ ಮರವನ್ನು ವೃಕ್ಷ ಪ್ರಾಧಿಕಾರದ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲವೆಂಬುದನ್ನು ನಾನು ಎದ್ದು ಹೇಳಿದಾಗ ಕೆಲವರ ಮುಖ ಸಪ್ಪಗಾಯಿತು. ಸೀಳಿದ್ದನ್ನು ಬಳೆಯ ಪಕ್ಕಕ್ಕೆ ಕತ್ತರಿಸಿಕೊಂಡು, ಬುಡದ ಸುತ್ತ ಎರಡು ಅಡಿ ಕಾಂಕ್ರೀಟು ಒಡೆಸಿದೆವು. ಒಡೆಯುವ ಕೆಲಸಕ್ಕೆ ಬಂದವರು ಆ ಹುಡುಗರೇ.

ಮನೆ ಕಿರಿದಾಗಿ ತೋಟವೆಂದರೆ ಗ್ಯಾಲರಿಯ ನಾಲ್ಕು ಕುಂಡಗಳೇ ಆಗಿರುವವರೂ ನಮ್ಮಲ್ಲಿ ಬಹಳ. ಅವರಿಗೆ ಹೇಳುವುದು ಸ್ವಲ್ಪ. ಬಿರುಗಾಳಿಯ ಮುನ್ಸೂಚನೆ ಬಂದೊಡನೆ ಕುಂಡಗಳನ್ನು ಕಟಾಂಜನದಿಂದ ಕೆಳಗಿಳಿಸಿ ಗೋಡೆಗೆ ಒತ್ತಿಡಬೇಕು, ಕೆಳಗಿನವರ ತಲೆಯ ದೃಷ್ಟಿಯಿಂದಲೂ. ಗಾಳಿ ಹೋದ ಮೇಲೆ ತಳದ ತೂತು ಕಟ್ಟಿದೆಯೇ ಎಂದು ಕಡ್ಡಿ ಹಾಕಿ ನೋಡಬೇಕು. ಒಡೆದ ಕುಂಡದ ತುಳಸಿಯನ್ನು ಮಣ್ಣಿನ ಗಡ್ಡೆ ಸಹಿತ ಡಬ್ಬಿಗೆ ವರ್ಗಾಯಿಸಿ, ನಾಲ್ಕು ದಿನ ನೆರಳಿನಲ್ಲಿಟ್ಟು ಬಳಿಕ ಬಿಸಿಲಿಗೆ ತರುವುದು.

ಕೋಲ್ಕತ್ತಾದ ಎದುರು ದಡದಲ್ಲಿ, ಶಿಬಪುರದ ಸಸ್ಯೋದ್ಯಾನದಲ್ಲಿ ಇರುವ ಮಹಾ ಆಲವನ್ನು ನಮ್ಮಲ್ಲಿ ನೋಡಿದವರಿರಬಹುದು. ೧೮೬೪ ಮತ್ತು ೧೮೬೭ರ ಚಂಡಮಾರುತಗಳಲ್ಲಿ ಅದು ಪೆಟ್ಟು ತಿಂದಿತು. ಗಾಯದಲ್ಲಿ ಬೂಷ್ಟು ಹಿಡಿದು, ಕೊನೆಗೆ ೧೯೨೫ರಲ್ಲಿ ಅದರ ಮೂಲಕಾಂಡವನ್ನೇ ಕಡಿದು ತೆಗೆದರು. ನಡುವೆ ತಾಯಿಬೇರಿಲ್ಲದೆ, ಮೂರು ಸಾವಿರಕ್ಕೂ ಮಿಕ್ಕ ಬಿಳಲುಗಳ ಮೇಲೆ ಅದು ಇಂದಿಗೂ ನಿಂತಿದೆ. ೨೦೨೦ರ ಮೇ ೨೦ರಂದು ‘ಅಂಫಾನ್’ ಅದರ ಕೆಲವು ಬಿಳಲುಗಳನ್ನು ಕಿತ್ತಿತು, ಮರ ಹೋಗಲಿಲ್ಲ. ಅದನ್ನು ಕಾಯುವವರು ಹೊಸ ಬಿಳಲುಗಳನ್ನು ನೆಲ ಮುಟ್ಟುವ ತನಕ ಬಿದಿರಿನ ಕೊಳವೆಯಲ್ಲಿ ಇಳಿಸಿ ಸಾಕುತ್ತಾರೆ.

ಅಕ್ಕನ ತೋಟದ ವಾಲಿದ ನಾಲ್ಕು ತೆಂಗುಗಳಲ್ಲಿ ಒಂದು ಆ ಮಳೆಗಾಲದಲ್ಲಿಯೇ ಸುಳಿ ಕೊಳೆತು ಹೋಯಿತು. ಔಷಧ ಹಾಕಲು ಮರ ಹತ್ತುವವನು ಸಿಗದೆ ಮೂರು ವಾರ ತಡವಾಗಿತ್ತು. ಉಳಿದ ಮೂರು ೨೦೨೪ರಲ್ಲಿ ತಕ್ಕಮಟ್ಟಿಗೆ ಕಾಯಿ ಕೊಟ್ಟವು. ಎತ್ತಿ ನಿಲ್ಲಿಸಿದ ಮಾವಿನ ಸಸಿಯೊಂದು ಚೆನ್ನಾಗಿಯೇ ಬಂತು. ಆದರೆ ವರ್ಷ ಕಳೆದೊಡನೆ ಬಿಚ್ಚಬೇಕಾದ ಹಗ್ಗವನ್ನು ಬಿಚ್ಚುವುದಕ್ಕೆ ಯಾರಿಗೂ ನೆನಪಾಗಲಿಲ್ಲ. ಅಳಿಯ ಅಷ್ಟರಲ್ಲಿ ಮುಂಬಯಿಗೆ ಮರಳಿ ಗಲ್ಲಾದ ಮೇಲೆ ಕುಳಿತಿದ್ದ. ಕಳೆದ ಸಲ ಅವನು ರಜೆಯಲ್ಲಿ ಹೋದಾಗ ಗೋಣಿ ಕೊಳೆತು ಉದುರಿ, ಹಗ್ಗ ತೊಗಟೆಯೊಳಗೆ ಅರ್ಧ ಬೆರಳು ಇಳಿದಿತ್ತಂತೆ. ಚೂರಿಯಿಂದ ಎಳೆ ಎಳೆಯಾಗಿ ಬಿಡಿಸಿದನಂತೆ. “ಬಳೆ ಹಾಕಿದ ಹಾಗೆ ಗುರುತು ಉಳಿದಿದೆ ಮಾವಾ, ಮಿಡಿ ಮಾತ್ರ ಈ ಸಲ ಹಿಡಿದಿದೆ” ಎಂದು ಬಂದು ಹೇಳಿದ. ಅಕ್ಕ ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿ ಅವನ ಚೀಲದಲ್ಲಿತ್ತು.